ಎಮ್ಮೆಯ ಎದುರಿಗೊಂದು ವಾಲುಗೋಡೆ

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಹೊಲಿಗೆಯವಳ ಬಾಯಲ್ಲಿ ಈ ಮಾತು ಕೇಳಿದರೆ ಜನ ನಗುತ್ತಾರೆ. ದಿನಕ್ಕೆ ಎಂಟು ತಾಸು ಮಷೀನಿನ ಮುಂದೆ ಕೂರುವುದೇ ನನ್ನ ಕಸುಬು. ಮೊದಲಾದರೆ ಕಾಲು ತುಳಿಯುತ್ತಿತ್ತು, ಅದರಿಂದ ಹೇಗೋ ನಡೆದಿತ್ತು. ಮಷೀನಿಗೆ ಮೋಟರ್ ಕೂರಿಸಿದ ಮೇಲೆ ಕಾಲಿಗೂ ಕೆಲಸ ಹೋಯಿತು. ಒಂದು ಜಂಪರಿನ ತೋಳು ಕೂಡಿಸುವಷ್ಟರಲ್ಲಿ ಮೈಯೊಳಗೆ ಏನೋ ಕುದಿಯಲು ಶುರುವಾಗುತ್ತಿತ್ತು. ಎದ್ದು ನೇಸರಗಿ ಬಸ್ ಸ್ಟ್ಯಾಂಡಿನ ತನಕ ಸುಮ್ಮನೆ ಹೋಗಿ ಬರುತ್ತಿದ್ದೆ. ಮತ್ತೆ ಕೂರುತ್ತಿದ್ದೆ, ಮತ್ತೆ ಏಳುತ್ತಿದ್ದೆ. ಅತ್ತೆ ನೋಡಿ ನೋಡಿ ಸಾಕಾಗಿ, "ಕಾಲಾಗ ಚಕ್ರ ಅದಾವೇನವಾ ನಿನಗ?" ಎನ್ನುತ್ತಿದ್ದರು.

ನಾನು ಹುಟ್ಟಿದ್ದು ಕಿತ್ತೂರಿನಲ್ಲಿ, ಹೆದ್ದಾರಿಯ ಮಗ್ಗುಲಲ್ಲೇ. ಅಲ್ಲಿ ಲಾರಿಗಳು ಓಡುತ್ತಲೇ ಇರುತ್ತವೆ, ನಮ್ಮ ಮನೆ ಮುಂದೆ ಯಾವುದೂ ನಿಲ್ಲುತ್ತಿರಲಿಲ್ಲ. ಆ ಚಾಳಿಯೇ ನನಗೂ ಹತ್ತಿರಬೇಕು. ಮದುವೆಯಾಗಿ ನೇಸರಗಿಗೆ ಬಂದಾಗ ಮನೆಯಲ್ಲಿ ಇದ್ದವರು ಅತ್ತೆ, ಗಂಡ ಮತ್ತು ನಾನು. ಈಗಲೂ ಅಷ್ಟೇ. ಮಕ್ಕಳಾಗಲಿಲ್ಲ; ಅದರ ಕಥೆ ಬೇರೆ, ಇಲ್ಲಿ ಬೇಡ. ಗಂಡ ಬೆಳಗ್ಗೆ ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೋದರೆ ಬರುವುದು ಸಂಜೆಗೆ. ನಡುವೆ ನಾನೂ ಅತ್ತೆಯೂ ಜಗಳವಾಡುತ್ತೇವೆ. ಪಲ್ಯಕ್ಕೆ ಗುರೆಳ್ಳು ಪುಡಿ ಎಷ್ಟು ಹಾಕಬೇಕು, ಎಮ್ಮೆಗೆ ಹಿಂಡಿ ಎಷ್ಟು ಇಡಬೇಕು, ಯಾವುದಕ್ಕೂ ಸರಿ, ನಮಗೆ ಜಗಳ ಬೇಕು.

ಒಂದು ದಿನ ಬೆಳಗಾವಿ ಕಡೆಯಿಂದ ಬಂದ ಜೀಪೊಂದು ನನ್ನ ಅಂಗಡಿಯ ಮುಂದೆ ನಿಂತಿತು. ಬಾದಾಮಿಗೆ ಬಂಡೆ ಹತ್ತಲು ಹೊರಟಿದ್ದ ನಾಲ್ಕು ಮಂದಿ. ಅವರ ಹತ್ತಿರ ಮಡಚಿ ಬೆನ್ನಿಗೆ ಹಾಕಿಕೊಳ್ಳುವ ದಪ್ಪ ಗಾದಿ ಇತ್ತು, ಅದರ ಹೊಲಿಗೆ ಬಿಟ್ಟು ಸ್ಪಂಜು ಹೊರಗೆ ಬಂದಿತ್ತು. ಹೊಲಿಯುತ್ತ ಕೇಳಿದೆ, ಇದು ಯಾತಕ್ಕೆ ಅಂತ. ಅವರಲ್ಲಿದ್ದ ಒಬ್ಬಳೇ ಹುಡುಗಿ, "ಬೀಳೋದಕ್ಕೆ ಅಕ್ಕ" ಅಂದಳು. ಬೀಳುವುದಕ್ಕೆಂದೇ ಗಾದಿ ಹೊತ್ತು ಊರೂರು ತಿರುಗುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಾನೂ ನೋಡಬೇಕು ಅಂದೆ. ಬನ್ನಿ ಅಂದಳು. ಬಾಯಿಮಾತಿಗೆ ಅಂದಿದ್ದಳೇನೋ, ನಾನು ಮರು ಭಾನುವಾರ ಗಂಡನ ಗಾಡಿಯ ಹಿಂದೆ ಕೂತು ರಾಮದುರ್ಗ ದಾಟಿ ಬಾದಾಮಿಗೆ ಹೋಗಿಯೇಬಿಟ್ಟೆ.

ಸೀರೆ ಉಟ್ಟುಕೊಂಡು ಹೋಗಿದ್ದೆ. ಆ ಹುಡುಗಿ ತನ್ನ ಪ್ಯಾಂಟು ಕೊಟ್ಟಳು, ಬೂಟು ಕೊಟ್ಟಳು, ಆಳೆತ್ತರದ ಒಂದು ಬಂಡೆ ತೋರಿಸಿದಳು. ಹತ್ತಿದೆ, ಬಿದ್ದೆ, ಹತ್ತಿದೆ. ಮಧ್ಯಾಹ್ನದ ಊಟ ಮರೆತೆ. ಕೆಂಪು ಕಲ್ಲಿನ ಒಂದು ಬೆರಳು ಅಗಲದ ಅಂಚು ಹಿಡಿದು ಜೋತಾಡುವಾಗ ಮುಂದಿನ ಅಂಚು ಎಲ್ಲಿದೆ ಅನ್ನುವುದು ಬಿಟ್ಟರೆ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಮೈಯೊಳಗಿನ ಕುದಿತ ನಿಂತಿತ್ತು. ಎಷ್ಟೋ ವರ್ಷದ ಹಲ್ಲುನೋವು ತಟ್ಟನೆ ನಿಂತಂತೆ ಆಗಿ, ಅಲ್ಲೇ ಕೂತು ಅತ್ತುಬಿಟ್ಟೆ. ಗಂಡ ಗಾಬರಿಯಾಗಿ, "ಎಲ್ಲಿ ಹತ್ತಿತು? ಎಲ್ಲಿ ಹತ್ತಿತು?" ಎಂದು ನನ್ನ ಮಂಡಿ ಮೊಣಕೈ ಎಲ್ಲ ಮುಟ್ಟಿ ನೋಡಿದರು.

ಅಲ್ಲಿಂದ ಪ್ರತಿ ಭಾನುವಾರ ಇದೇ ಆಯಿತು. ಬಾದಾಮಿ ದೂರ ಅಂತ ಸವದತ್ತಿಯ ಗುಡ್ಡಗಳಲ್ಲಿ, ಮುನವಳ್ಳಿಯಾಚೆ ನವಿಲುತೀರ್ಥದ ಕಡೆ, ನಾವೇ ಬಂಡೆ ಹುಡುಕಿಕೊಂಡೆವು. ಹಳೆಯ ಗಾದಿಗಳಿಗೆ ತಾಡಪತ್ರಿ ಹೊದಿಸಿ ನಾನೇ ಬೀಳುವ ಗಾದಿ ಹೊಲಿದೆ. ನಾನು ಹತ್ತುವುದು, ಗಂಡ ಕೆಳಗೆ ಗಾದಿ ಸರಿಸುವುದು, ಶೇಂಗಾ ತಿನ್ನುವುದು, "ಬಿದ್ದರ ಎಡಕ್ಕ ಬೀಳ, ಬಲಕ್ಕ ಜಾಲಿಕಂಟಿ ಐತಿ" ಎಂದು ಎಚ್ಚರಿಸುವುದು. ಹೀಗೇ ಐದು ವರ್ಷ.

ಹೋದ ವರ್ಷ ಆ ಹುಡುಗಿಯೇ ಫೋನ್ ಮಾಡಿದಳು. ಬಂಡೆ ಹತ್ತುವುದನ್ನು ಕಲಿಸುವವರನ್ನು ತಯಾರು ಮಾಡುವ ಒಂದು ತರಬೇತಿ ಇದೆ, ಹಿಮಾಲಯದ ತಪ್ಪಲಿನಲ್ಲಿ ಒಂದು ತಿಂಗಳು. ಮುಗಿಸಿದವರಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಕಲಿಸುವ ಕೆಲಸ ಸಿಗುತ್ತದೆ. ಹಳ್ಳಿ ಕಡೆಯ ಹೆಣ್ಣುಮಕ್ಕಳು ಬೇಕಂತೆ. ಆದರೆ ಮೂವತ್ತೈದು ತುಂಬಿರಬಾರದು. ದೀಪಾವಳಿ ಕಳೆದರೆ ನನಗೆ ಮೂವತ್ತೈದು ತುಂಬುತ್ತಿತ್ತು. ಅಂದರೆ ಇದೇ ಮೊದಲು, ಇದೇ ಕೊನೆ. ಆಯ್ಕೆ ಪರೀಕ್ಷೆ ಏಳು ವಾರಕ್ಕೆ, ಬೆಂಗಳೂರಿನಲ್ಲಿ.

"ಬಂಡೆ ಮೇಲಲ್ಲ ಅಕ್ಕ, ಹಲಗೆ ಗೋಡೆ ಮೇಲೆ" ಅಂದಳು. ಫೋಟೋ ಕಳಿಸಿದಳು. ಗೋಡೆ ನೆಟ್ಟಗೆ ನಿಂತಿರಲಿಲ್ಲ, ಹತ್ತುವವರ ಮೇಲೆ ಬೀಳುವಂತೆ ಮುಂದಕ್ಕೆ ವಾಲಿತ್ತು. ನಮ್ಮ ಬಂಡೆಗಳ ಮೇಲೆ ಕಾಲ ಮೇಲೆ ಭಾರ ಹಾಕಿ ನಿಲ್ಲಬಹುದು; ಇಲ್ಲಿ ಇಡೀ ಮೈ ತೋಳಿಗೂ ಬೆರಳಿಗೂ ಬೀಳುತ್ತದೆ. ಇದನ್ನು ಅಭ್ಯಾಸ ಮಾಡದೆ ಹೋದರೆ ಎರಡು ಹಿಡಿಕೆ ದಾಟುವುದಿಲ್ಲ ಅನ್ನುವುದು ನೋಡಿದ ಕೂಡಲೇ ತಿಳಿಯಿತು. ಏಳು ವಾರ. ಅಂದು ಯಾರದೋ ಜಂಪರಿಗೆ ಎರಡೂ ಎಡಗೈ ತೋಳು ಕೂಡಿಸಿಬಿಟ್ಟೆ.

ಮನೆಯಲ್ಲೇ ವಾಲುಗೋಡೆ ಕಟ್ಟಿಸುತ್ತೇನೆ ಅಂದಾಗ ಗಂಡ ನಕ್ಕರು. "ಇದ್ದ ಗ್ವಾಡಿ ವಾಲದಂಗ ನೋಡ್ಕೊಳ್ಳೂದ ಸಾಕಾಗೈತಿ, ಮತ್ತೊಂದ ಕಟ್ಟತೀಯೇನ?" ಮಾತು ಖರೆ. ನಮ್ಮದು ಮಣ್ಣು ಕಲ್ಲಿನ ಹಳೆಯ ಮನೆ. ಬೋಲ್ಟ್ ಹೊಡೆದರೆ ಗೋಡೆಯೇ ಉದುರುತ್ತದೆ. ಹಾಗಾಗಿ ಗೋಡೆಗೆ ತಾಗದೆ ತನ್ನ ಕಾಲ ಮೇಲೆ ತಾನೇ ನಿಲ್ಲುವಂಥದು ಬೇಕಿತ್ತು. ಜಾಗ ಇದ್ದದ್ದು ಒಂದೇ ಕಡೆ, ದಂದಕ್ಕಿಯಲ್ಲಿ. ನಮ್ಮ ಕಡೆಯ ಮನೆಗಳಲ್ಲಿ ತಲೆಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ ಬರುತ್ತದಲ್ಲ, ಅದು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಅಲ್ಲಿ ಉಳಿದಿದ್ದು ಒಂದು ಎಮ್ಮೆ. ಅರ್ಧ ಎಮ್ಮೆಗೆ, ಅರ್ಧ ನನಗೆ ಅಂತ ತೀರ್ಮಾನವಾಯಿತು.

ಅತ್ತೆ ಬೇಡ ಅನ್ನಲಿಲ್ಲ. ಎಮ್ಮೆಯ ಗೂಟ ಒಂದು ಮಾರು ಸರಿಸಿಕೊಟ್ಟರು. "ಏನರ ಮಾಡ್ಕೋ, ಆದರ ಅದು ಹಾಲು ಕೊಡೂ ಹೊತ್ತಿನ್ಯಾಗ ಧಬಾಧಬಾ ಬೀಳಬ್ಯಾಡ" ಅಂದರು. ಒಂದು ತಿಂಗಳು ಹೋಗಬೇಕಾಗುತ್ತದೆ ಅಂದೆ. ಎಲ್ಲಿಗೆ ಅಂದರು. ಹಿಮಾಲಯಕ್ಕೆ, ಅಲ್ಲಿ ಥಂಡಿ ಭಾಳ ಅಂತೆ, ಕಲಿತು ಮುಗಿಸಿದರೆ ನೌಕರಿ ಸಿಗುತ್ತದಂತೆ ಅಂದೆ. "ಹೂಂ" ಅಂದು ಸಗಣಿ ಬಾಚಲು ಹೋದರು. ನನಗೆ ಅಷ್ಟೇ ಸಾಕಿತ್ತು, ಮುಂದೆ ಕೇಳಲು ಪುರುಸೊತ್ತೂ ಇರಲಿಲ್ಲ.

ಊರಿನ ಬಡಿಗೇರ ಕಾಕಾನನ್ನು ಕರೆಸಿದೆ. ಎಪ್ಪತ್ತರ ಹತ್ತಿರದ ಮನುಷ್ಯ. ಊರಿನ ಅರ್ಧ ಬಾಗಿಲು ಕಿಟಕಿ ಅವನ ಕೈಯವೇ. ಫೋಟೋ ತೋರಿಸಿದೆ. ಫೋನು ಅಡ್ಡ ತಿರುಗಿಸಿ ನೋಡಿದ, ಉದ್ದ ತಿರುಗಿಸಿ ನೋಡಿದ.

"ತಂಗಿ, ಇದು ಬೀಳಾಕ ಹತ್ತೈತೇನ, ನಿಂತೈತೇನ?"

"ನಿಂತೈತ್ರಿ ಕಾಕಾ. ಹತ್ತು ಫೂಟಿನ ಹಲಗಿ, ಮ್ಯಾಲಿನ ತುದಿ ಐದು ಫೂಟು ಮುಂದ ಬರಬೇಕು."

"ಐವತ್ತು ವರ್ಷ ಆತು, ಎಲ್ಲಾ ತೂಗುಗುಂಡು ಹಿಡದ ನೆಟ್ಟಗ ನಿಲ್ಲಿಸೇನಿ. ಸೊಟ್ಟ ಮಾಡಂತ ಕೇಳಿದಾಕಿ ನೀನ ಮೊದಲನೇದಾಕಿ."

ಒಪ್ಪಿದ, ಆದರೆ ಕೈ ಒಪ್ಪಬೇಕಲ್ಲ! ಮೊದಲ ದಿನ ಕಂಬ ನಿಲ್ಲಿಸಿ ಅಡ್ಡಪಟ್ಟಿ ಬಡಿದು ಹೋದ. ಅಳೆದರೆ ಐದು ಫೂಟು ಇರಬೇಕಾದದ್ದು ಮೂರೂವರೆ. ಬಿಚ್ಚಿಸಿದೆ. ಎರಡನೆಯ ದಿನ ನಾಲ್ಕು. "ಕಾಕಾ, ನನಗ ಸಿಟ್ಟ ಬರಾಕ ಹತ್ತೈತಿ ನೋಡ್ರಿ" ಅಂದೆ. "ನಂದೇನ ತಪ್ಪವಾ, ಕೈ ತಾನ ನೆಟ್ಟಗ ಮಾಡತೈತಿ" ಅಂದ. ಮೂರನೆಯ ದಿನ ಅಂಗಡಿಗೆ ಬೀಗ ಹಾಕಿ ಅವನ ಪಕ್ಕ ಟೇಪು ಹಿಡಿದು ನಿಂತೆ. ಐದು ಫೂಟಿಗೆ ಬಂತು. ಹಲಗೆ ಕೂಡಿಸಿ ಮುಗಿಸುವಷ್ಟರಲ್ಲಿ ಒಂದು ವಾರ ಹೋಯಿತು. ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅವನು ಚಹಾ ಕುಡಿಯಲು ಕೂತರೆ ಅವನ ರಂಧ್ರ ಕೊರೆಯುವ ಯಂತ್ರ ತೆಗೆದುಕೊಂಡು ನಾನೇ ಪ್ಲೈವುಡ್‌ಗೆ ತೂತು ಹಾಕುತ್ತಿದ್ದೆ.

ಹಿಡಿಕೆಗಳದ್ದು ಇನ್ನೊಂದು ಪುರಾಣ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹಿಡಿಕೆ ತರಿಸಿಕೊಳ್ಳುವಷ್ಟು ದಿನ ನನ್ನ ಹತ್ತಿರ ಇರಲಿಲ್ಲ. ಜಾಲಿ ಕಟ್ಟಿಗೆಯಲ್ಲಿ ಮಾಡಿಕೊಡ್ರಿ ಅಂದೆ. ಮಾಡಿದ, ಅರವತ್ತು ಹಿಡಿಕೆ. ಒಂದೊಂದೂ ಲಟ್ಟಣಿಗೆಯ ಹಾಗೆ ನುಣುಪು, ಅಂಚೆಲ್ಲ ದುಂಡಗೆ. ಕೈಯಿಟ್ಟರೆ ಜಾರುತ್ತಿತ್ತು. ಒರಟು ಇರಬೇಕು ಕಾಕಾ, ಅರ ಹಾಕಿ ಕೆರೆದುಬಿಡ್ರಿ ಅಂದರೆ ಅವನ ಮುಖ ಸಣ್ಣದಾಯಿತು. "ಹೆಣ್ಮಗಳ ಕೈಗೆ ಸಿಬರ ಚುಚ್ಚೂವಂಥಾ ಸಾಮಾನ ನನ್ನ ಕೈಯಿಂದ ಹೊರಗ ಹೋಗೂದಿಲ್ಲ" ಅಂದ. ಕೊನೆಗೆ ಅವನನ್ನು ಮನೆಗೆ ಕಳಿಸಿ, ಅವನ ಅರ ಇಸಿದುಕೊಂಡು, ನಾನೇ ಅರವತ್ತನ್ನೂ ಕೆರೆದೆ. ಅತ್ತೆ ಎಮ್ಮೆಯ ಮಗ್ಗುಲಲ್ಲಿ ಕೂತು ಇದೆಲ್ಲ ನೋಡುತ್ತಿದ್ದರು.

ಹಲಗೆಯ ಹಿಂದೆ ಹಲ್ಲಿರುವ ನಟ್ಟು ಬಡಿದು, ಮುಂದಿನಿಂದ ಹಿಡಿಕೆ ಇಟ್ಟು ಬೋಲ್ಟ್ ಬಿಗಿದೆ. ಕೆಳಗೆ ಗಾದಿ ಹಾಸಿದೆ. ಎರಡನೆಯ ವಾರದ ಕೊನೆಗೆ ಗೋಡೆ ನಿಂತಿತು. ಮೊದಲ ಸಲ ಜೋತುಬಿದ್ದಾಗ ಎಮ್ಮೆ ಮೇಯುವುದು ಬಿಟ್ಟು ನನ್ನನ್ನೇ ನೋಡಿತು. ಮೂರನೆಯ ಹಿಡಿಕೆಗೆ ಧಡ್ಡನೆ ಬಿದ್ದೆ. ಎಮ್ಮೆ ಮತ್ತೆ ಮೇಯಲು ಶುರು ಮಾಡಿತು.

ಆಮೇಲಿನ ಮೂರು ವಾರ ನಾನು ಮನುಷ್ಯಳಾಗಿರಲಿಲ್ಲ. ಬೆಳಗ್ಗೆ ಒಂದೂವರೆ ತಾಸು ಗೋಡೆ, ಸಂಜೆ ಒಂದೂವರೆ ತಾಸು ಗೋಡೆ. ನಡುವೆ ಅಂಗಡಿಯಲ್ಲಿ ಕೂತರೂ ಬೆರಳು ಮೇಜಿನ ಅಂಚು ಹುಡುಕುತ್ತಿದ್ದವು. ಗಿರಾಕಿಗಳ ಮೇಲೆ ರೇಗುತ್ತಿದ್ದೆ, ಊಟಕ್ಕೆ ಕೂತರೆ ಎರಡೇ ತುತ್ತಿಗೆ ಏಳುತ್ತಿದ್ದೆ. ಐದು ಹಿಡಿಕೆ ಆಯಿತು, ಎಂಟಾಯಿತು. ಒಂದು ದಿನ ತುದಿಯ ಹಿಡಿಕೆ ಮುಟ್ಟಿದೆ. ನಾಲ್ಕು ದಿನದ ಮೇಲೆ ತುದಿ ಮುಟ್ಟಿ ಅಲ್ಲಿಂದ ಕೆಳಗಿಳಿದು ಮತ್ತೆ ತುದಿ ಮುಟ್ಟಿದೆ. ಫೋನ್ ಮಾಡಿದ್ದ ಆ ಹುಡುಗಿಗೆ ವಿಡಿಯೋ ಕಳಿಸಿದೆ. "ಅಕ್ಕ, ಹೀಗೇ ಇದ್ದರೆ ಆಯಿತು" ಎಂದು ಬರೆದಳು. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. ಪರೀಕ್ಷೆಗೆ ಇನ್ನು ಹನ್ನೆರಡು ದಿನ ಇತ್ತು.

ಅಂದು ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ದುಡಿಯುವ ಸಾಮಾನನ್ನೆಲ್ಲ ತೊಳೆದು ಪೂಜೆ ಮಾಡುತ್ತಾರೆ. ಗಂಡ ಟ್ರ್ಯಾಕ್ಟರ್ ತೊಳೆದು ನಿಂಬೆಹಣ್ಣು ಕಟ್ಟಿದರು. ನಾನು ಅಂಗಡಿಗೆ ಹೋಗಿ ಮಷೀನು ಒರೆಸಿ, ಎಣ್ಣೆ ಬಿಟ್ಟು, ಕುಂಕುಮ ಇಟ್ಟು, ಅಸ್ತರು ದಾರ ತರಲು ಬೈಲಹೊಂಗಲಕ್ಕೆ ಬಸ್ ಹತ್ತಿದೆ. ಬಸ್ಸಿನಲ್ಲೂ ಮೇಲಿನ ಕಂಬಿ ಹಿಡಿದು ಜೋತಾಡುತ್ತಲೇ ಹೋದೆ. ಕಂಡಕ್ಟರ್, "ಅಕ್ಕಾರ, ಹಿಂದ ಸೀಟ್ ಖಾಲಿ ಅದಾವ್ರಿ" ಅಂದ. ಇರಲಿ ಬಿಡು ಅಂದೆ.

ನಾಲ್ಕು ಗಂಟೆಗೆ ಮನೆಗೆ ಬಂದೆ. ದಂದಕ್ಕಿಯಲ್ಲಿ ಕಾಲಿಟ್ಟರೆ ನನ್ನ ಗೋಡೆಗೆ ಚೆಂಡುಹೂವಿನ ಮಾಲೆ, ನಡುವೆ ಕುಂಕುಮ, ಬುಡದಲ್ಲಿ ಒಡೆದ ತೆಂಗಿನಕಾಯಿ. ಈ ಮನೆಯ ಸಾಮಾನುಗಳ ಸಾಲಿಗೆ ನನ್ನ ಗೋಡೆಯೂ ಸೇರಿತಲ್ಲ ಅನ್ನಿಸಿತು. ಹತ್ತಿರ ಹೋದೆ. ಗೋಡೆ ಮಿರಿಮಿರಿ ಮಿಂಚುತ್ತಿತ್ತು. ಒಂದು ಹಿಡಿಕೆಗೆ ಕೈ ಹಾಕಿದೆ. ಜಾರಿತು. ಇನ್ನೊಂದಕ್ಕೆ ಹಾಕಿದೆ. ಬೆರಳ ಸಂದಿಯಿಂದ ಜಿಡ್ಡು ಇಳಿಯಿತು. ಔಡಲೆಣ್ಣೆಯ ಆ ಕಮಟು ವಾಸನೆ ಮೂಗಿಗೆ ಬಡಿಯಿತು. ಅರವತ್ತು ಹಿಡಿಕೆಗೂ, ಹಲಗೆಗೂ, ಮೇಲಿನಿಂದ ಕೆಳಗಿನ ತನಕ, ಒಂದು ಬೆರಳಗಲ ಬಿಡದೆ ಎಣ್ಣೆ ಕುಡಿಸಿಬಿಟ್ಟಿದ್ದರು.

"ಅತ್ತ್ಯಾರ!" ಎಂದು ಒದರಿದೆ. ಒಳಗಿನಿಂದ ಬಂದರು.

"ಏನ್ ಹಚ್ಚೀರಿ ಇದಕ್ಕ?"

"ಎಣ್ಣಿ. ಅಮಾಸಿ ಅಲ್ಲೇನ ಇವತ್ತ? ಹೊಸಾ ಕಟಗಿ, ಎಣ್ಣಿ ಕುಡಿಸದಿದ್ದರ ಸೀಳತೈತಿ."

"ಎಲ್ಲಾದಕ್ಕೂ?"

"ಎಲ್ಲಾದಕ್ಕೂ."

ನನ್ನ ತಲೆ ಸಿಡಿಯಿತು. ಆಮೇಲೆ ನಾನು ಆಡಿದ ಮಾತು ಈಗ ಬರೆಯಲೂ ನಾಚಿಕೆ. "ಬೇಕಂತ ಮಾಡೀರಿ! ನಾ ಹೋಗಬಾರದಂತ ಮಾಡೀರಿ! ನನ್ನ ಜಲ್ಮದಾಗ ಒಂದ ಏನರ ನನ್ನದಂತ ಆಗಾಕ ಹತ್ತಿತ್ತು, ಅದಕ್ಕೂ ಕಣ್ಣ ಹಾಕಿದ್ರಿ!" ಹೂವಿನ ಮಾಲೆ ಕಿತ್ತು ಎಮ್ಮೆಯ ಮುಂದೆ ಎಸೆದೆ. ಜಗಳಕ್ಕೆ ಸದಾ ತಯಾರಿರುವ ಅತ್ತೆ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸುತ್ತ ನಿಂತುಬಿಟ್ಟರು. ಗಂಡ ಓಡಿ ಬಂದರು. "ಬಾಯಿ ಮುಚ್ಚ. ಅವ್ವ ಪೂಜಿ ಮಾಡ್ಯಾಳ. ಪೂಜಿ ಮಾಡಿದ್ದಕ್ಕ ಹಿಂಗ ಒದರತಾರೇನ ಯಾರರ?" ಐದು ವರ್ಷ ನನ್ನ ಗಾದಿ ಸರಿಸಿದ ಮನುಷ್ಯ ಅಂದು ಮೊದಲ ಬಾರಿ ನನ್ನ ಮೇಲೆ ಕೈ ಎತ್ತಿದರು, ಇಳಿಸಿದರು.

ಮರುದಿನ ಬೆಳಕು ಹರಿಯುವ ಮೊದಲೇ ಹಿಡಿಕೆ ಬಿಚ್ಚಲು ಶುರು ಮಾಡಿದೆ. ಬಿಸಿನೀರು, ಸೀಗೆಕಾಯಿ, ಸಾಬೂನು ಪುಡಿ. ಜಾಲಿ ಗಟ್ಟಿ ಕಟ್ಟಿಗೆ, ಎಣ್ಣೆ ಆಳಕ್ಕೆ ಇಳಿದಿರಲಾರದು ಅಂದುಕೊಂಡಿದ್ದೆ. ನಾನು ಅರ ಹಾಕಿ ಕೆರೆದಿದ್ದೆನಲ್ಲ, ಆ ಗೀರುಗಳಲ್ಲೆಲ್ಲ ಹೊಕ್ಕಿತ್ತು. ತೊಳೆದು ಬಿಸಿಲಿಗಿಟ್ಟರೆ ಒಣಗಿದಂತೆ ಕಾಣುವುದು, ಮೈಶಾಖಕ್ಕೆ ಮತ್ತೆ ಜಿಡ್ಡು ಬಿಡುವುದು. ಮತ್ತೆ ಅರ ಹಾಕಿದೆ. ಮರಳು ಕಾಗದ ಹಾಕಿದೆ. ಒಂದು ತಾಸಿನ ಹೊತ್ತಿಗೆ ಅತ್ತೆ ಒಲೆಯ ಬೂದಿ ಒಂದು ಬುಟ್ಟಿ ತಂದು ಎದುರಿಗೆ ಕೂತರು. ಹಿಡಿಕೆ ತೆಗೆದುಕೊಂಡು ಬೂದಿಯಲ್ಲಿ ತಿಕ್ಕತೊಡಗಿದರು. ಮೂರು ದಿನ ಹಾಗೇ ತಿಕ್ಕಿದೆವು. ಮೂರನೆಯ ದಿನ ನನ್ನ ಎಂಟು ಬೆರಳ ತುದಿಯಲ್ಲೂ ಚರ್ಮ ಇರಲಿಲ್ಲ.

ಅಂದು ಮಧ್ಯಾಹ್ನ ಅವರನ್ನು ನೋಡಿದೆ. ಎಪ್ಪತ್ತರ ಹೆಂಗಸು, ಬೂದಿ ಮೆತ್ತಿದ ಕೈ, ಬಾಗಿದ ಬೆನ್ನು. ಎದ್ದು ಹೋಗಿ ಕಾಲಿಗೆ ಬಿದ್ದೆ. "ಸಿಟ್ಟಿನ ಭರದಾಗ ಏನೇನೋ ಅಂದ್ನಿ. ಮನಸಿನ್ಯಾಗ ಇಟ್ಕೋಬ್ಯಾಡ್ರಿ ಅತ್ತ್ಯಾರ. ನೀವು ಪೂಜಿ ಮಾಡಿದ್ರಿ, ನಾ ಪಾಪಿ, ಕೆಟ್ಟದ ತಿಳಕೊಂಡ್ನಿ." ಅವರು ಮುಖ ಆಚೆ ತಿರುಗಿಸಿದರು. "ಏಳ, ಏಳ. ಎಮ್ಮಿ ಹಿಂಡೂದೈತಿ" ಅಂದರು. ಕಣ್ಣೀರು ಬಂದಿರಬೇಕು, ತೋರಿಸಲು ಇಷ್ಟವಿಲ್ಲ ಅಂದುಕೊಂಡೆ.

ಉಳಿದ ದಿನಗಳಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಏನು ಆಗುತ್ತದೋ ಅಷ್ಟು ಹತ್ತಿದೆ. ಹಿಡಿಕೆಗಳು ಅರ್ಧ ಹಿಡಿದವು, ಅರ್ಧ ಜಾರಿದವು. ಚರ್ಮ ಬೆಳೆಯಲು ಪುರುಸೊತ್ತು ಕೊಡಬೇಕು ಅನ್ನುವುದು ಗೊತ್ತಿತ್ತು, ಆದರೆ ನಾನು ಸುಮ್ಮನೆ ಕೂರುವ ಪೈಕಿಯೇ? ಕೂತಿದ್ದರೆ ಆಗುತ್ತಿತ್ತೇನೋ. ಈಗಲೂ ಒಮ್ಮೊಮ್ಮೆ ಹಾಗನ್ನಿಸಿ ಮೈ ಪರಚಿಕೊಳ್ಳುವಂತಾಗುತ್ತದೆ.

ಬೆಂಗಳೂರಿನಲ್ಲಿ ನನ್ನ ಸರದಿ ಹನ್ನೊಂದನೆಯದು. ಗೋಡೆ ನಮ್ಮದರ ಎರಡರಷ್ಟು ಎತ್ತರ, ಸೊಂಟಕ್ಕೆ ಹಗ್ಗ. ಹಿಡಿಕೆಗಳು ಒಣಗಿ ಒರಟಾಗಿದ್ದವು, ಎಷ್ಟು ಚೆನ್ನಾಗಿದ್ದವೆಂದರೆ ಮುಟ್ಟಿದ ಕೂಡಲೇ ಖುಷಿಯಾಯಿತು. ಅರ್ಧದ ತನಕ ಓಡಿದೆ ಅನ್ನಬೇಕು. ಕೆಳಗೆ ಯಾರೋ "ವಾಹ್" ಅಂದದ್ದು ಕೇಳಿಸಿತು. ಮುಕ್ಕಾಲಿಗೆ ಬಂದಾಗ ಬಲಗೈಯ ನಡುಬೆರಳಿನ ಹೊಸ ಚರ್ಮ ಕಿತ್ತಿತು. ಮುಂದಿನ ಹಿಡಿಕೆಗೆ ರಕ್ತ ಮೆತ್ತಿತು. ಅದರ ಮುಂದಿನದು ತೆಳ್ಳಗೆ, ಅದಕ್ಕೂ ರಕ್ತ. ಇನ್ನು ಎರಡೇ ಉಳಿದಿದ್ದವು. ಕೈ ನನ್ನ ಮಾತು ಕೇಳುತ್ತಿತ್ತು, ಚರ್ಮ ಕೇಳಲಿಲ್ಲ. ಹಗ್ಗದ ಮೇಲೆ ಜೋತಾಡುತ್ತ ಕೆಳಗಿಳಿದೆ. ಸಂಜೆ ಆಯ್ಕೆಯಾದವರ ಹೆಸರಿನ ಪಟ್ಟಿ ಹಚ್ಚಿದರು. ಮೊದಲು ಮೇಲಿನಿಂದ ಓದಿದೆ, ಆಮೇಲೆ ಕೆಳಗಿನಿಂದ ಓದಿದೆ. ನಾನು ಇರಲಿಲ್ಲ.

ಮನೆಗೆ ಬಂದರೆ ಎಲ್ಲರ ಹತ್ತಿರವೂ ಸಮಾಧಾನದ ಮಾತು ತಯಾರಿತ್ತು. ಗಂಡ, "ಹ್ವಾದರ ಹೋತ ಬಿಡ, ಬೆಂಗಳೂರರ ನೋಡಿದಂಗಾತು" ಅಂದರು. ಕಿತ್ತೂರಿನಿಂದ ಅವ್ವ ಫೋನಿನಲ್ಲಿ, "ನಮ್ಮಂಥವ್ರಿಗೆ ಅವೆಲ್ಲಾ ಎಲ್ಲಿಂದ ಬರಬೇಕವಾ, ನನಗ ಮೊದಲ ಅನಿಸಿತ್ತು" ಅಂದಳು. ಬಡಿಗೇರ ಕಾಕಾ ಓಡೋಡಿ ಬಂದು, "ಪ್ಲೈವುಡ್ ಹಾಳಾಗೂದಿಲ್ಲ ತಂಗಿ, ಒಂದ ಚಲೋ ಕಪಾಟ ಮಾಡಿಕೊಡತೇನಿ" ಅಂದ. ಎಲ್ಲರೂ ನನ್ನನ್ನು ಪ್ರೀತಿಸುವವರೇ. ಆದರೂ ನನಗೆ ಮೈಯೆಲ್ಲ ಉರಿಯಿತು. ನಾನು ಬೆಂಗಳೂರಿಗೆ ಹೊರಡುವ ಮೊದಲೇ ಇವರು ಈ ಮಾತುಗಳನ್ನು ಹೊಂದಿಸಿಟ್ಟುಕೊಂಡಿದ್ದರು ಅನ್ನುವುದು ಅವರ ಮುಖದಲ್ಲೇ ಕಾಣುತ್ತಿತ್ತು. ಅತ್ತೆ ಮಾತ್ರ ಅರ್ಧ ರೊಟ್ಟಿ ತಿಂದು ಎದ್ದುಹೋಗುತ್ತಿದ್ದರು.

ಬಂದು ಎಂಟು ದಿನ ಆಗಿರಬೇಕು. ಬೆಳಗ್ಗೆ ಅವರು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು, ನಾನು ಬದನೆಕಾಯಿ ಹೆಚ್ಚುತ್ತ ಕೂತಿದ್ದೆ. ತಲೆ ಎತ್ತದೆ ಮಾತು ತೆಗೆದರು.

"ಅದು ಔಡಲೆಣ್ಣಿ."

"ಯಾವುದು?"

"ನಿನ್ನ ಹಲಗಿಗೆ ಹಚ್ಚಿದ್ದು. ಬಾಗಲಾ ಚೌಕಟ್ಟಿಗೆ ಅಗಸಿ ಎಣ್ಣಿ ಹಚ್ಚತಾರ, ಅದು ಹೀರಕೊಂಡ ಒಣಗತೈತಿ. ಔಡಲೆಣ್ಣಿ ಚಕ್ಕಡಿ ಗಾಲಿಗೆ ಹಾಕೂದು. ಒಣಗೂದಿಲ್ಲ ಅದು. ಜಾರಲಿ ಅಂತ ಹಾಕತಾರ."

ಹೆದ್ದಾರಿಯ ಮಗ್ಗುಲಲ್ಲಿ ಬೆಳೆದ ನನಗೆ ಚಕ್ಕಡಿಯ ಗಾಲಿಗೆ ಏನು ಹಾಕುತ್ತಾರೆ ಅನ್ನುವುದು ಹೇಗೆ ಗೊತ್ತಿರಬೇಕು? ಮಾತು ತಲೆಯೊಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದಾಗ ಈಳಿಗೆ ಮಣೆಯಿಂದ ಕೈ ತೆಗೆದೆ.

"ಗೊತ್ತಿದ್ದ ಹಚ್ಚಿದ್ರಿ?"

"ಗೊತ್ತಿದ್ದ ಹಚ್ಚಿದ್ನಿ."

"ನಾ ನಿಮ್ಮ ಕಾಲಿಗೆ ಬಿದ್ನಿ! ನಾ ಪಾಪಿ ಅಂತ ನಿಮ್ಮ ಕಾಲ ಹಿಡಕೊಂಡ್ನಿ!"

"ಬಿದ್ದಿ. ಅವತ್ತಿನಿಂದ ನನಗ ಅನ್ನ ಇಳೀವಲ್ದು."

ಎದ್ದು ಹೋಗಬೇಕು ಅನ್ನಿಸಿತು, ಕಾಲು ಬರಲಿಲ್ಲ. ಜೀವನದಲ್ಲಿ ಮೊದಲ ಸಲ ನನ್ನ ಕಾಲು ಬರಲಿಲ್ಲ. "ಯಾಕ್ರಿ? ನಾ ನಿಮಗೇನ ಮಾಡಿದ್ನಿ?"

ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದರು. "ನೀ ಹ್ವಾದರ ನಾ ಯಾರ ಕೂಡ ಜಗಳಾ ಆಡ್ಲಿ? ಆಂವ ಮಾತ ಆಡೂ ಪೈಕಿ ಅಲ್ಲ, ಉಂಡ ಮಲಗತಾನ. ಒಂದ ತಿಂಗಳಂದಿ. ಆ ಮ್ಯಾಲೆ ನೌಕರಿ ಅಂದಿ. ಈಕಿ ಹೋದಾಕಿ ತಿರುಗಿ ಬರೂದಿಲ್ಲ ಅನಿಸ್ತು. ಎದಿ ಒಡದಂಗಾತು. ಎಣ್ಣಿ ಡಬ್ಬಿ ಕೈಯಾಗ ಇತ್ತು."

"ನಾ ಪಾಸ್ ಆಗತೇನೋ ಇಲ್ಲೋ, ಯಾರಿಗೆ ಗೊತ್ತಿತ್ತು?"

"ನನಗ ಗೊತ್ತಿತ್ತು." ಆಗ ತಲೆ ಎತ್ತಿ ನನ್ನನ್ನು ನೋಡಿದರು. "ಇವ್ರೆಲ್ಲಾ ನಕ್ಕೋಂತ ಇದ್ರು. ನಾ ದಿನಾ ಎಮ್ಮಿ ಹಿಂಡಕೋಂತ ನಿನ್ನ ನೋಡತಿದ್ನಿ. ನೀ ಆಗತಿ ಅಂತ ನನಗ ಖಾತ್ರಿ ಇತ್ತು. ಖಾತ್ರಿ ಇರದಿದ್ರ ಎಣ್ಣಿ ಯಾಕ ಹಾಳ ಮಾಡ್ಲಿ?"

ಸಿಟ್ಟು ಇತ್ತು, ಈಗಲೂ ಇದೆ, ಸುಳ್ಳು ಹೇಳುವುದಿಲ್ಲ. ಅವರು ಸೆರಗಿನಿಂದ ಮೂಗು ಒರೆಸಿಕೊಂಡರು.

"ಅಟ್ಟದ ಟ್ರಂಕಿನ್ಯಾಗಿನ ನಮ್ಮ ಮಾವನ ಕಂಬಳಿ ತಗದ ಬಿಸಲಿಗೆ ಹಾಕಿ ಮಡಚಿ ಇಟ್ಟಿದ್ನಿ. ಅಲ್ಲಿ ಥಂಡಿ ಭಾಳ ಅಂದಿದ್ಯಲ್ಲ, ನಿನಗ ಕೊಟ್ಟ ಕಳಸೂಣು ಅಂತ."

"ಯಾವಾಗ?" ಅಂದೆ. "ಎಣ್ಣಿ ಹಚ್ಚೂಕಿಂತ ಮೊದಲೇನು?"

ಅತ್ತೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು.

"ಹಚ್ಚಿದ ಮ್ಯಾಲ" ಅಂದರು.